ಕಿಟಕಿಯ ಅಳತೆ

ಹಾಸನದ ಬಿ.ಎಂ. ರಸ್ತೆಯ ಶೆಡ್ಡಿನಲ್ಲಿ ಹಳೇ ಟೆಂಪೊ
ಮನೆಯಾಗುತ್ತಿದೆ: ಎರಡು ಹಾಸಿಗೆ, ಒಂದು ಗ್ಯಾಸ್ ಒಲೆ,
ಸಕಲೇಶಪುರದ ರೆಸಾರ್ಟಿನವರು ಕೊಟ್ಟ ನಕ್ಷೆ.
ಹಿಂಬದಿಗೆ ದೊಡ್ಡ ಟೀವಿ ಬೇಕಂತೆ. ಕಿಟಕಿ ಬೇಡವಂತೆ.

ಖಲಂದರ್ ಸಾಬರು ಮಾತಾಡಲಿಲ್ಲ.
ಸೀಮೆಸುಣ್ಣ ತೆಗೆದು ತಗಡಿನ ಮೇಲೆ
ಒಂದು ಚೌಕ ಬರೆದರು.
'ಮಲಗು' ಅಂದರು ನನಗೆ. ಮಲಗಿದೆ.
'ಕಣ್ಣು ಮುಚ್ಚು. ಒಲೆ ಬಾಗಿಲ ಪಕ್ಕ ಇದೆ,
ಅದೇ ಹತ್ತಿಕೊಂಡಿದೆ. ಈಗ ಹೊರಗೆ ಬಾ.'

ತಡಕಾಡಿದೆ. ರೆಕ್ಸಿನ್, ಫೋಮು, ಪ್ಲೈವುಡ್ಡು,
ಎಲ್ಲ ಬೆಂಕಿಯ ನೆಂಟರೇ.
ಮೊಣಕೈಗೆ ತಾಗಿದ್ದು ಬರೀ ಗೋಡೆ.
ಹೊಗೆ ಇರಲಿಲ್ಲ, ಆದರೂ ಕೆಮ್ಮಿದೆ.

ಅವರು ಎಣಿಸುತ್ತಿದ್ದರು. ಹದಿನೇಳಕ್ಕೆ ನಿಲ್ಲಿಸಿದರು.
ಯಾಕೆ ಹದಿನೇಳು ಅಂತ ಕೇಳಲಿಲ್ಲ;
ಬೋರ್‌ವೆಲ್ ಲಾರಿಯಲ್ಲೇ ಉಂಡು ಮಲಗಿದ ಕಾಲದ
ಆ ಎಡಗೈ, ಅಂಟಿಕೊಂಡ ಮೂರು ಬೆರಳು,
ದಿನಾ ಚಹಾ ಕೊಡುವಾಗ ನೋಡುತ್ತೇನೆ.

ಸಂಜೆ ಫೋನು ಬಂತು: 'ಟೀವಿ ಕೂರುತ್ತಾ?'
'ಕೂರುತ್ತೆ, ಕಿಟಕಿಯ ಕೆಳಗೆ.'
ಕಟರ್ ಚೀರಿತು.
ಚೌಕದಷ್ಟು ತಗಡು ಕಳಚಿ ಬಿದ್ದಾಗ
ಒಳಗೆ ಬಂದಿದ್ದು
ಆಲೂಗಡ್ಡೆ ಲಾರಿಗಳ ಧೂಳು, ಮತ್ತೆ ಗಾಳಿ.

ನನ್ನ ಭುಜಕ್ಕೆ ಅಳತೆ ಸರಿಯಾಗಿತ್ತು.
'ದಪ್ಪನೋರೂ ಬರ್ತಾರೆ' ಅಂದು
ಇನ್ನೆರಡು ಇಂಚು ಕೊಯ್ದರು.