ಹತ್ತು ಕೆಜಿ ಕಮ್ಮಿ

ಮೊದಲು ಕೆರೆಯಂಗಳದಲ್ಲಿ ಓಡಿಸುತ್ತಿದ್ದೆವು.
ಹೋದ ವರ್ಷ ಪೈಪಿನ ನೀರು ಬಂದು ಕೆರೆ ತುಂಬಿತು.
ಊರೆಲ್ಲ ಬಾಗಿನ ಬಿಟ್ಟಿತು. ನಾವೂ ಬಿಟ್ಟೆವು,
ಮೂರನೇ ತಿರುವು ಎಲ್ಲಿ ಮುಳುಗಿತೆಂದು
ಒಳಗೊಳಗೇ ಲೆಕ್ಕ ಹಾಕುತ್ತ.

ಈಗ ಮಾಲೂರಿನಾಚೆ, ಟೇಕಲ್ ರಸ್ತೆಯಲ್ಲಿ,
ನಿಂತುಹೋದ ಇಟ್ಟಿಗೆ ಗೂಡಿನ ಬಯಲು.
ಕೆಂಪು ಧೂಳು. ಸುಣ್ಣ ಬಳಿದ ಹಳೇ ಟಯರಿನ ಗಡಿ.
ಹದಿನಾಲ್ಕು ಮಾರುತಿ ಎಂಟುನೂರು, ಎರಡು ಜೆನ್,
ಒಂದು ಆಂಬುಲೆನ್ಸು. ಅದರ ಡ್ರೈವರಿಗೂ
ಒಂದು ಸುತ್ತು ಹೊಡೆಯುವ ಆಸೆ.

ಗೇರ್‌ಬಾಕ್ಸ್ ಬಿಚ್ಚುವ ಕಸುಬು ನನ್ನದು.
ಬೇರೆ ಯಾರೂ ಒಲ್ಲೆನೆಂದ ಸೀಟಿ
ನನ್ನ ಕೊರಳಿಗೆ ಬಿದ್ದು ಅಧ್ಯಕ್ಷನಾದೆ.
ನಿಯಮ ಬರೆದವನೂ ನಾನೇ,
ಉದ್ದ ನೋಟ್‌ಬುಕ್ಕಿನಲ್ಲಿ, ಗ್ರೀಸಿನ ಹೆಬ್ಬೆಟ್ಟು ಸಮೇತ:
ಕಾರೂ ಡ್ರೈವರೂ ಸೇರಿ
ಏಳುನೂರು ಕೆಜಿಗೆ ಕಮ್ಮಿ ಇರಕೂಡದು.
ಬಾಗಿಲಿಗೆ ತೂತು ಕೊರೆದು ಹಗುರ ಮಾಡಿಕೊಂಡ ನನ್ನ ಭಾಮೈದ
ಅದೇ ಬಾಗಿಲು ಮಡಚಿಕೊಂಡು ಮಂಡಿ ಕಳಕೊಂಡನಲ್ಲ,
ಆ ವರ್ಷದ ಸಾಲು ಅದು. ಅಡಿಗೆರೆ ಎರಡು.

ರೇಸು ಮುಗಿದರೆ ಮೊದಲ ಮೂವರು
ನೇರ ಸೊಣ್ಣಪ್ಪನ ವೇ ಬ್ರಿಜ್ಜಿಗೆ.
ನೀಲಗಿರಿ ಲಾರಿ, ಟೊಮೆಟೊ ಲಾರಿಗಳ ನಡುವೆ
ಹೆಲ್ಮೆಟ್ ಹಾಕಿಕೊಂಡೇ ಸರತಿಗೆ ನಿಲ್ಲುತ್ತಾರೆ.
ಆವತ್ತು ಗೆದ್ದವನು ಇನಾಯತ್.
ಕೆಂಪು ಅಂಕಿ ಮಿನುಗಿ ನಿಂತಿತು:
ಆರುನೂರ ತೊಂಬತ್ತು.

ಕಾರಿನಿಂದ ಒಂದು ಬೋಲ್ಟೂ ತೆಗೆದಿರಲಿಲ್ಲ.
ಕಾಮಾಲೆಯಾಗಿ ಎರಡು ತಿಂಗಳು ಮಲಗಿದ್ದ.
ಹತ್ತು ಕೆಜಿ ಹೋದದ್ದು ಅವನ ಮೈಯಿಂದ.

‘ಒಂದು ಕ್ರೇಟ್ ಟೊಮೆಟೊ ಮಡಗಿ ತೂಗಣ್ಣಾ.’
‘ಕಾಯಿಲೆ ಬಿದ್ದೋನ್ಗೂ ರೂಲ್ಸಾ?’
‘ಸೊಣ್ಣಪ್ಪನ ಕಾಟಾ ತಿನ್ನುತ್ತೆ, ಜಿಲ್ಲೆಗೇ ಗೊತ್ತು.’
ಸೊಣ್ಣಪ್ಪ ಕಿಟಕಿ ಹಾಕಿಕೊಂಡ.

ತಿನ್ನುತ್ತಿರಬಹುದು. ತಿಂದಿದ್ದರೆ
ಮೂವರದನ್ನೂ ತಿಂದಿದೆ, ಒಂದೇ ಹಸಿವಿನಲ್ಲಿ.

ಅನರ್ಹ ಎಂದು ಬರೆದೆ.
ಅರ್ಕಾವತ್ತಿನ ಹತ್ತಿರ ಪೆನ್ನು ಕಾಗದ ಹರಿಯಿತು.

ಇನಾಯತ್ ಚೀಟಿಯನ್ನು ನಿಧಾನ ಓದಿದ.
‘ಹೆಸ್ರು ತಪ್ಪು ಬರ್ದಿದೀಯ ಅಣ್ಣ.
ಇನಾಯತುಲ್ಲಾ. ಉಲ್ಲಾನೇ ಬಿಟ್ಟಿದೀಯ.
ಇಲ್ಲೂ ತೂಕ ಕಮ್ಮಿ.’
ನನ್ನ ಪೆನ್ನಿಸಕೊಂಡು ತಾನೇ ತಿದ್ದಿ, ರುಜು ಹಾಕಿದ.

ಒಂಬತ್ತನೇ ನಿಯಮ:
ಅನರ್ಹನಾದವನು ಮುಂದಿನ ರೇಸಿಗೆ ಬಾವುಟ ಹಿಡಿಯಬೇಕು.
ಶಿಕ್ಷೆಯೇನಲ್ಲ, ನಮಗೆ ಆಳು ಸಾಲದು.
ಮೂರನೇ ತಿರುವಿಗೆ ಕಳಿಸಿದೆ,
ಒಂದು ಕೊಡೆ, ಒಂದು ಗ್ಲೂಕೋಸು ಪೊಟ್ಟಣ ಕೊಟ್ಟು.

ಮುಂದಿನ ರೇಸಿನಲ್ಲಿ ನಾನೂ ಇದ್ದೆ.
ಅಧ್ಯಕ್ಷ ಓಡಿಸಬಾರದೆಂದು ಎಲ್ಲೂ ಬರೆದಿರಲಿಲ್ಲ,
ಬರೆಯುವವನು ನಾನೇ ಅಲ್ಲವೆ.
ಐದನೇ ಸುತ್ತು. ಗೂಡಿನ ಹಿಂದೆ ಯಾರೋ ಮಗುಚಿದರು.
ಧೂಳಿನೊಳಗೆ ಹಳದಿ ಬಾವುಟ.
ಕಂಡೆನೆ?
ಕಂಡೆ.
ಕಾಲೆತ್ತುವಷ್ಟರಲ್ಲಿ ನನ್ನ ಬಾನೆಟ್ಟು
ಸ್ಟ್ಯಾನ್ಲಿಯ ಜೆನ್‌ಗಿಂತ ಒಂದು ಮೊಳ ಮುಂದಿತ್ತು.
ಹಿಂದೆ ಸರಿಯಲಿಲ್ಲ.
ಸ್ಟ್ಯಾನ್ಲಿಗೇ ಗೊತ್ತಾಗಲಿಲ್ಲ ಅದು.

ಮೂರನೆಯವನಾಗಿ ಬಂದೆ. ಕಾಟಾ ಹತ್ತಿದೆ: ಏಳುನೂರ ಮೂವತ್ತು.
ಅಷ್ಟು ತೂಕದ ಮನುಷ್ಯ ಟೀ ಕುಡಿಯುತ್ತ
ತಿರುವುಗಳ ಚೀಟಿಗೆ ಕಾಯುತ್ತ ಕೂತೆ.
ಒಂದು ಬಂತು, ಖಾಲಿ. ಎರಡು ಬಂತು, ಖಾಲಿ. ನಾಲ್ಕೂ ಬಂತು.

ಮೂರನೆಯದನ್ನು ಟೈಮು ಬರೆಯುವ ಪದ್ಮಜಾ
ಮಡಚಿದ್ದು ಮಡಚಿದಂತೆಯೇ ನನ್ನ ಮುಂದಿಟ್ಟಳು.
ಹಳದಿಯಡಿ ಹಿಂದಿಕ್ಕಿದ್ದು: ಕಾರು ನಂಬರ್ ನಾಲ್ಕು.
ಎಂ. ವಿ. ಚೌಡರೆಡ್ಡಿ.
ಇನಿಷಿಯಲ್, ಒತ್ತಕ್ಷರ, ಎಲ್ಲ ಸರಿಯಿತ್ತು.

ಮೈಕಿನಲ್ಲಿ ಓದಿದೆ.
ಆಂಪ್ಲಿಫೈಯರು ಗೊರಗೊರ ಅಂದು
ಯಾರಿಗೂ ಕೇಳಿಸಲಿಲ್ಲವಂತೆ,
ಎರಡನೇ ಸಲ ಓದಬೇಕಾಯಿತು.

ಆಮೇಲೆ ಬಾವುಟ ಹೆಗಲಿಗಿಟ್ಟು
ಮೂರನೇ ತಿರುವಿಗೆ ನಡೆದೆ.
ಕೊಡೆಯನ್ನು ಅವನು ಅಲ್ಲೇ ನೆಟ್ಟು ಬಂದಿದ್ದ.