ಏಳೂವರೆ ಕೇಜಿ

ಎಸ್.ಪಿ. ರೋಡಿನ ಹಿಂದಿನ ಓಣಿ, ನೆಲಮಾಳಿಗೆ.
ಇಳಿಯುವಾಗ ತಲೆ ಬಗ್ಗಿಸಬೇಕು,
ಮರೆತವರಿಗೆ ತೊಲೆಯೇ ನೆನಪಿಸುತ್ತದೆ.
ಹೊರವರ್ತುಲ ರಸ್ತೆಯ ಕಂಪನಿಯೊಂದು ಕಳಿಸಿದೆ
ನಲವತ್ತೊಂದು ಹಳೇ ಕಂಪ್ಯೂಟರ್, ಜೊತೆಗೊಂದು ಪತ್ರ:
'ದಯವಿಟ್ಟು ಹಂಚುವಾಗ ಫೋಟೊ ತೆಗೆಯಿರಿ.'

ಇಮ್ತಿಯಾಜ್ ಮುಚ್ಚಳ ಬಿಚ್ಚಿ ಬ್ಲೋವರ್ ಹಿಡಿದರೆ
ಎಂಟು ವರ್ಷದ ಧೂಳು ಒಟ್ಟಿಗೆ ಎದ್ದು ಕೂರುತ್ತದೆ.
ಕೀಲಿಮಣೆ ಬೋರಲು ಹಾಕಿ ತಟ್ಟಿದರೆ ಉದುರುವುದು
ಖಾರಾ ಬೂಂದಿ, ಉಗುರಿನ ಚೂರು, ಸ್ಟೇಪ್ಲರ್ ಪಿನ್ನು,
ಒಮ್ಮೆ ಯಾರದೋ ಮೂಗುತಿಯ ತಿರುಪು.
ಬೆಂಕಿಪೊಟ್ಟಣದಲ್ಲಿಟ್ಟಿದ್ದೇನೆ, ಕೇಳಿಕೊಂಡು ಬಂದರೆ ಕೊಡಬೇಕು.

ನನ್ನ ಕೆಲಸ ಅಳಿಸುವುದು.
ಹಿಟ್ಟಿನ ಪಾತ್ರೆ ಉಜ್ಜಿದ ಹಾಗೆ ಡಿಸ್ಕನ್ನು ಮೂರು ಸಲ,
ಬರೀ ಸೊನ್ನೆ ತುಂಬಿ, ಮತ್ತೆ ತುಂಬಿ.
ಸಂಬಳದ ಪಟ್ಟಿ, ರಾಜೀನಾಮೆಯ ಕರಡು, ಏನನ್ನೂ ಓದುವುದಿಲ್ಲ.
ಒಮ್ಮೆ ಓದಿದೆ. ಅಂದು ಮಧ್ಯಾಹ್ನ ಊಟ ಸೇರಲಿಲ್ಲ.

ಒಳಗಿನ ನಾಣ್ಯದಗಲದ ಬ್ಯಾಟರಿ ಸತ್ತು ಯಾವ ಕಾಲವೋ.
ಹೊತ್ತಿಸಿದೊಡನೆ ಹೇಳುತ್ತದೆ: ಜನವರಿ ಒಂದು,
ಎರಡು ಸಾವಿರದ ಹದಿನಾರು.
ಮೂವತ್ತು ರೂಪಾಯಿ ಹಾಕಿ
ಇವತ್ತಿಗೆ ಕರೆತರುತ್ತೇವೆ.

ಮೊಳೆಗೆ ಚುಚ್ಚಿದ ಬೇಡಿಕೆ ಪತ್ರಗಳು ದಪ್ಪಗಾಗುತ್ತಿವೆ.
ಕೊಡುವವರಿಗೆ ಫೋಟೊ ಬೇಕು,
ಕೇಳುವವರಿಗೆ ಪವರ್ ಕೇಬಲ್.

ಮೂರನ್ನು ಹಳೇ ಸೀರೆಯಲ್ಲಿ ಸುತ್ತಿ ಗೂಡ್ಸ್ ಆಟೋದಲ್ಲಿ ನಾಯಂಡಹಳ್ಳಿಗೆ.
ಮೋರಿ ಪಕ್ಕ ಹತ್ತಕ್ಕೆ ಹನ್ನೆರಡರ ಕೋಣೆ, ಶೀಟಿನ ಚಾವಣಿ:
ಚಿಂದಿ ಆಯುವವರ ಸಂಘ.
ಜೆಸಿಂತಾ ಮೇಡಂ ಟೇಬಲ್ ಒರೆಸಿದ್ದಾರೆ,
ಯಾರೋ ಅರಿಶಿನ ಕುಂಕುಮ ತಂದಿದ್ದಾರೆ.

ಅಂಜಿನಮ್ಮ ಬಂದವಳೇ ಡಬ್ಬವನ್ನೆತ್ತಿ
ಬಲಗೈಗೊಮ್ಮೆ ಎಡಗೈಗೊಮ್ಮೆ ದಾಟಿಸಿ
'ಏಳೂವರೆ ಕೇಜಿ' ಅಂದಳು.
'ತಗಡು ಬಿಟ್ರೆ ನಾಲ್ಕು. ಹಸಿರು ಹಲಗೆಗೆ ರೇಟು ಬೇರೆ.
ತಂತಿ ಸುಟ್ರೆ ಇನ್ನೂರು ಗ್ರಾಂ ತಾಮ್ರ.
ಹೊಗೆ ಲೆಕ್ಕಕ್ಕಿಲ್ಲ.'

ನಾನು ಹದಿನೈದು ವರ್ಷ ಬಿಚ್ಚಿದ್ದೇನೆ ಇವನ್ನು, ಸ್ಕ್ರೂಡ್ರೈವರಿನಲ್ಲಿ.
ಅವಳು ಇಪ್ಪತ್ತೆರಡು, ಕಲ್ಲಿನಲ್ಲಿ.
ಅವಳ ಎಡ ಮುಂಗೈಯ ಚರ್ಮ ಒಂದು ಕಡೆ ನುಣುಪಾಗಿ ಹೊಳೆಯುತ್ತಿತ್ತು.
ಕೇಳಲಿಲ್ಲ.

'ಇದನ್ನ ಒಡೆಯೋದಿಲ್ವಾ?'
'ಇಲ್ಲ.'
'ಕೆಟ್ಟೋದ್ರೆ?'
'ಫೋನ್ ಮಾಡಿ, ಬರ್ತೀವಿ.'
'ಬರ್ದೇ ಇದ್ರೆ?'
ಇಮ್ತಿಯಾಜ್ ಪ್ಲಗ್ಗು ಹುಡುಕುವವನಂತೆ ಗೋಡೆಯತ್ತ ತಿರುಗಿದ.

ಅಷ್ಟರಲ್ಲಿ ಕರೆಂಟು ಹೋಯಿತು. ಟೀ ಬಂತು, ಕರೆಂಟು ಬರಲಿಲ್ಲ.
ಫೋಟೊ ತೆಗೆದೆವು: ಹನ್ನೊಂದು ಹೆಂಗಸರು,
ಕಪ್ಪು ಪರದೆಯಲ್ಲಿ ಮತ್ತೆ ಹನ್ನೊಂದು ಹೆಂಗಸರು.

ಮುಕ್ಕಾಲು ಗಂಟೆಯ ಮೇಲೆ ಫ್ಯಾನು ಗೊರಗೊರ ಎಂದಿತು.
ಗುರುತಿನ ಚೀಟಿಯ ಪಟ್ಟಿಗೆ ಮೊದಲ ಹೆಸರು
ತಾನೇ ಹೊಡೆಯುತ್ತೇನೆಂದು ಕುರ್ಚಿಯ ತುದಿಗೆ ಕೂತಳು.
ಸಂಘದ ಸಹಿಗೆಂದು ಕಲಿತ ನಾಲ್ಕೇ ಅಕ್ಷರ.
ಅಂ ಬಂತು, ಜಿ ಬಂತು, ನ ಬಂತು,
ಮ ಒಂಟಿಯಾಗಿ ನಿಂತಿತು.
'ಒತ್ತು ಎಲ್ಲಿದೆ?'
'ಒತ್ತಿ.'
'ಏನು ಒತ್ತಲಿ, ಒತ್ತು ಎಲ್ಲಿ ಅಂತ ಕೇಳ್ತಿದೀನಿ!'
ಕೋಣೆಗೆ ಕೋಣೆಯೇ ನಕ್ಕಿತು.
ಮ, ಆಮೇಲೆ ಎಫ್, ಮತ್ತೆ ಮ.
ಒಂದು ಮ ಇನ್ನೊಂದರ ಕೆಳಗೆ ನುಸುಳಿ ಕೂತದ್ದನ್ನು
ಅವಳು ಕನ್ನಡಕವಿಲ್ಲದೆ ಬಹಳ ಹೊತ್ತು ನೋಡಿದಳು.

ವಾಪಸು ಹೊರಟಾಗ ಆಟೋದಲ್ಲೊಂದು ಗೋಣಿಚೀಲ.
ಆರು ಮೌಸು, ಬಾಲ ಕತ್ತರಿಸದ್ದು. ಎರಡು ಕೀಲಿಮಣೆ.
ನ್ಯೂಸ್ ಪೇಪರಿನಲ್ಲಿ ಸುತ್ತಿದ ಒಂದು ಹಸಿರು ಹಲಗೆ.
'ಕಸದಲ್ಲಿ ಸಿಕ್ತು. ಒಡೆದಿಲ್ಲ' ಅಂದಳು, ಅಷ್ಟೆ.

ಮೈಸೂರು ರಸ್ತೆಯ ಸಿಗ್ನಲ್ಲಿನಲ್ಲಿ, ತೊಡೆಯ ಮೇಲೆ,
ಕೊಟ್ಟವರ ರಿಜಿಸ್ಟರು ತೆರೆದು ಬರೆದೆ:
ಅಂಜಿನಮ್ಮ, ನಾಯಂಡಹಳ್ಳಿ. ಒಟ್ಟು ಒಂಬತ್ತು.
ತೂಕದ ಕಾಲಮ್ಮು ತುಂಬಲು ಹೋಗಿ ತಡೆದೆ.
ಅವಳನ್ನೇ ಕೇಳಬೇಕಿತ್ತು.