ಎಂಟು ಸಾವಿರ ಸುತ್ತು, ಹೆಚ್ಚುಕಮ್ಮಿ

ಹರಿಹರದ ಆರತಕ್ಷತೆಗೆ ನುಡಿಸಿ ಬಂದ ದುಡ್ಡು.
ಸಿಲಿಂಡರಿನದು ತೆಗೆದಿಟ್ಟ ಮೇಲೆ ಉಳಿದದ್ದು
ಸಾವಿರದ ನಾನೂರು.
ಹಾಲಿನ ಬಿಲ್ಲಿನ ಬೆನ್ನಿಗೆ ಬರೆದುಕೊಂಡೆ:

ಚೀನಾದ ಸೆರಾಮಿಕ್, ಒಂಬೈನೂರು. ಜೋರು. ತಗಡಿನ ಗಂಟಲು.
ಆಲ್ನಿಕೊ, ಮೂರೂವರೆ ಸಾವಿರ. ಬೆಚ್ಚಗಿರುತ್ತದಂತೆ.
ಅಮೆರಿಕದ್ದು (ಬೆಲೆ ಬರೆದು
ಮಗಳು ನೋಡಿಯಾಳೆಂದು ಗೀಚಿಹಾಕಿದೆ.)
ಯಾರೋ ಕಳಚಿ ಮಾರುವ ಹಳೆಯದು, ಸಾವಿರದಿನ್ನೂರು;
ಯಾವ ಗಿಟಾರಿನಲ್ಲಿ ಬಾಳಿತ್ತೋ, ಯಾಕೆ ಬಿಟ್ಟು ಬಂತೋ,
ಹೇಳುವವರಿಲ್ಲ.

ಬೆಣ್ಣೆಯಂಥ ದನಿ ಎಂದು ಇನ್ನೊಂದರ ಡಬ್ಬಿಯ ಮೇಲಿತ್ತು.
ದಾವಣಗೆರೆಯವನಿಗೆ ಈ ಮಾತು ಹೇಳಬಾರದು.
ಬೆಣ್ಣೆಗೆ ಏನೇನು ಬೆರೆಸುತ್ತಾರೆಂದು
ನಮಗೆ ಗೊತ್ತು.

'ತಗಂಡ್ರೆ ಒಳ್ಳೇದು ತಗ, ಇಲ್ಲಾಂದ್ರೆ ಸುಮ್ಕಿರು,'
ಡ್ರಮ್ಮಿನ ತಿಪ್ಪೇಶಿ ಅಂದ.
'ಮದ್ವೆಮನೇಲಿ ಯಾರ್ ಕೇಳ್ತಾರೆ?
ಎಲೆ ಹಾಕಿದ್ರಾ ಅಂತ ನೋಡ್ತಿರ್ತಾರೆ.'
ನಾನು ಕೇಳುತ್ತೇನಲ್ಲ, ಎನ್ನಲಿಲ್ಲ.

ಅಶೋಕ ರಸ್ತೆಯ ಗೇಟು ದಾಟಿ, ಮಂಡಕ್ಕಿ ಭಟ್ಟಿಯ ಹೊಗೆ ದಾಟಿ
ಮೋಟಾರು ರಿವೈಂಡಿಂಗ್ ಅಂಗಡಿಗೆ ಹೋದೆ,
ಒಂದು ಬೆಸುಗೆ ಹಾಕಿಸಿ ನೋಡೋಣವೆಂದು.
'ಪಿಕಪ್ ಕೆಟ್ಟಿದೆ' ಅಂದೆ.
'ಗಾಡಿ ಎಲ್ಲಿ ನಿಂತೈತೆ ಅಣ್ಣಾ?' ಅಂದ ಹುಡುಗ.
ಜೇಬಿನಿಂದ ತೆಗೆದು ತೋರಿಸಿದೆ,
ಬೆಂಕಿಪೊಟ್ಟಣದಷ್ಟು ಉದ್ದದ್ದು.

ಚಮನ್‌ಬೀ ಕನ್ನಡಕ ಮೇಲೇರಿಸಿ
ಬ್ಲೇಡಿನಿಂದ ಟೇಪು ಬಿಡಿಸಿದಳು.
ತಂತಿ ಒಳಗೆ ಹಸಿರುಗಟ್ಟಿತ್ತು.
'ಬೆವರು ಕುಡಿದೈತೆ,' ಅಂದಳು.
ಹದಿನೇಳು ವರ್ಷದ ನನ್ನದೇ ಬೆವರು.
ಪಿನ್ನೊಂದನ್ನು ಹತ್ತಿರ ಹಿಡಿದಳು,
ಅದು ಹಾರಿ ಅಂಟಿತು. 'ಜೀವ ಐತೆ ಇದಕ್ಕೆ.
ತಾಮ್ರ ಸತ್ತೈತೆ ಅಷ್ಟೆ. ಎಷ್ಟು ಸುತ್ತು?'
ಎಂಟು ಸಾವಿರ.
ಬೋರ್‌ವೆಲ್ಲಿನ ಮೋಟಾರು ಬಿಚ್ಚಿಟ್ಟುಕೊಂಡಿದ್ದ ಹುಡುಗ
ನನ್ನ ಮುಖ ನೋಡಿದ.

ಕಪಾಟಿನ ಹಿಂದಿನಿಂದ ಬಂತು ಕೂದಲಿಗಿಂತ ತೆಳ್ಳನೆ ತಂತಿ,
ಟೆಲಿಫೋನ್ ಎಕ್ಸ್‌ಚೇಂಜಿನ ರಿಲೇಗೆಂದು ಎಂದೋ ತಂದು
ರಿಲೇಗಳೇ ಇಲ್ಲವಾಗಿ ಉಳಿದದ್ದು.
ಸುತ್ತುವ ಯಂತ್ರದಲ್ಲಿ ಸಾವಿರದ ಹಲ್ಲು ಸವೆದುಹೋಗಿದೆ.
'ಸಾವಿರಕ್ಕೊಂದು ಕಡಲೆಬೀಜ ಎತ್ತಿಡು' ಅಂದಳು.

ಎರಡು ಬೆರಳ ನಡುವೆ ಬಟ್ಟೆಯ ಚೂರು,
ಬಟ್ಟೆಯ ನಡುವೆ ತಂತಿ.
ಬಿಗಿ ಹಿಡಿದರೆ ತುಂಡು, ಸಡಿಲ ಬಿಟ್ಟರೆ ಸಿಕ್ಕು.
ಅವಳು ಮಾತಾಡಲಿಲ್ಲ. ನಾನೂ.
ಐದನೆಯ ಬೀಜ ಇಟ್ಟಾಗ ಗೇಟು ಬಿತ್ತು,
ಗೂಡ್ಸ್ ಗಾಡಿ ಬಂತು, ಮುಗಿಯಲೇ ಇಲ್ಲ,
ಬಲ್ಬು, ಬೆಂಚು, ಡಬ್ಬಿಯ ನಟ್ಟುಗಳು ಎಲ್ಲ ಗಡಗಡ,
ಅವಳ ಬೆರಳು ಮಾತ್ರ ಅಲುಗಲಿಲ್ಲ.
ಗಾಡಿ ಹೋದ ಮೇಲೆ ನೋಡಿದರೆ
ಅವಳ ಮೊಮ್ಮಗ ಏನೋ ಅಗಿಯುತ್ತಿದ್ದಾನೆ.

ಏಳೋ ಎಂಟೋ, ಈಗಲೂ ಗೊತ್ತಿಲ್ಲ.
'ತುಂಬಿದ್ದು ಬೆರಳಿಗೆ ತಿಳೀತದೆ,' ಎಂದು ನಿಲ್ಲಿಸಿದಳು.
ಮೀಟರು ಐದು ಮುಕ್ಕಾಲು ಕಿಲೋ ಓಮ್ ತೋರಿಸಿತು.
ಡಬ್ಬಿಯ ಮೇಲೆ ಬರೆಯಲು ಅದಕ್ಕೊಂದು ಒಳ್ಳೆಯ ಪದವಿಲ್ಲ.
ಮೇಣದಲ್ಲಿ ಅದ್ದಿ, ಟೇಪು ಸುತ್ತಿ, ಕೈಗಿಟ್ಟಳು.
ನೂರೈವತ್ತು ರೂಪಾಯಿ. 'ಕೆಟ್ರೆ ತಗಂಬಾ.'

ಮೊದಲಿಗಿಂತ ಮೆತ್ತಗಿದೆ ದನಿ. ಜೋರಿಲ್ಲ.
ಮೇಲಿನ ತಂತಿಗಳಲ್ಲಿ ಸ್ವಲ್ಪ ಹುಳಿ.
ಬೆಚ್ಚಗಿದೆಯೇ? ತಿಪ್ಪೇಶಿ ಕೇಳಿದ. ತಿಳಿಯದು ಅಂದೆ.
ಹಾಲಿನ ಬಿಲ್ಲು ಇನ್ನೂ ಜೇಬಿನಲ್ಲಿದೆ,
ಆ ಆಲ್ನಿಕೊದ ಮೇಲಿನ ಆಸೆ ಹೋಗಿಲ್ಲ, ಸುಳ್ಳು ಯಾಕೆ.

ಎರಡು ಹಾಡುಗಳ ನಡುವೆ, ಕೈ ಎತ್ತಿದಾಗ,
ಸ್ಪೀಕರಿನಲ್ಲಿ ಗುಂಯ್ ಎನ್ನುತ್ತದೆ,
ಆ ಬೀದಿಯ ಮೋಟಾರುಗಳೆಲ್ಲ ಒಟ್ಟಿಗೆ
ದೂರದಲ್ಲಿ ಓಡುತ್ತಿರುವ ಹಾಗೆ.
ತಂತಿಯ ಮೇಲೆ ಅಂಗೈ ಇಟ್ಟರೆ
ಸುಮ್ಮನಾಗುತ್ತದೆ.